ಗ್ರಹಣದ ದಿನ ಅಳೆದ ಊರು

ನನ್ನ ಮಗಳ ವಿಷಯ ತೆಗೆದರೆ ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕತೊಡಗುತ್ತಾರೆ. ಅಷ್ಟು ಸಲ ಹೇಳಿ ಅವರ ತಲೆ ತಿಂದಿದ್ದೇನೆ. ಆದರೆ ಅವರು ಕೇಳಿರುವುದೆಲ್ಲ ಅವಳಿಗೆ ಸಿಕ್ಕ ಪದಕಗಳ ಕಥೆ. ಅವಳು ಮಾಡಿದ ತಪ್ಪಿನ ಕಥೆಯನ್ನು ನಾನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆಯೇ. ಎದ್ದು ಹೋಗುವವರು ಈಗಲೇ ಹೋಗಬಹುದು.

ನನ್ನ ಹೆಸರು ಕೊಟ್ರಬಸಪ್ಪ. ದಾವಣಗೆರೆಯಲ್ಲಿ ಹಾಗೆಂದರೆ ಯಾರಿಗೂ ಗುರುತು ಸಿಗದು, ಮೈಕ್ ಕೊಟ್ರಪ್ಪ ಎನ್ನಬೇಕು. ಮೂವತ್ತೆಂಟು ವರ್ಷ ಮದುವೆ, ನಾಟಕ, ಭಾಷಣ, ಆರ್ಕೆಸ್ಟ್ರಾ ಎಲ್ಲಕ್ಕೂ ಸೌಂಡ್ ಹಾಕಿದವನು ನಾನು. ನನ್ನ ಅನ್ನದ ಯಂತ್ರ ಮಿಕ್ಸರ್. ಹತ್ತಾರು ಮೈಕುಗಳಿಂದ ಬರುವ ದನಿಗಳನ್ನು ಒಂದೆಡೆ ಸೇರಿಸಿ, ಯಾವುದನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂದು ನೋಡಿಕೊಳ್ಳುವ ಬೋರ್ಡು ಅದು. ಮೊದಮೊದಲು ಪ್ರತಿಯೊಂದು ಗುಂಡಿಯನ್ನೂ ಬೆರಳಿನಿಂದಲೇ ತಿರುಗಿಸಬೇಕಿತ್ತು. ಡಿಜಿಟಲ್ ಮಿಕ್ಸರ್ ಬಂದ ಮೇಲೆ ಪ್ರಿಸೆಟ್ ಎಂಬ ಪುಣ್ಯ ಬಂತು. ಒಮ್ಮೆ ಎಲ್ಲವನ್ನೂ ಹದ ಮಾಡಿ ಸ್ಟೋರ್ ಒತ್ತಿದರೆ ಆ ಹದ ಯಂತ್ರದ ನೆನಪಿನಲ್ಲಿ ಉಳಿಯುತ್ತದೆ. ಇನ್ನೊಂದು ದಿನ ರೀಕಾಲ್ ಒತ್ತಿದರೆ ಎಲ್ಲವೂ ಒಮ್ಮೆಗೇ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಪ್ರಿಸೆಟ್ ನಂಬಿ ನಾನೊಮ್ಮೆ ಮಾನ ಕಳೆದುಕೊಂಡದ್ದೂ ಉಂಟು. ಒಂದು ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆಯೇ ಹೋಗಿ ಸೌಂಡ್ ಚೆಕ್ ಮುಗಿಸಿ, ಸ್ಟೋರ್ ಒತ್ತಿ, ಮೀಸೆ ತಿರುವಿಕೊಂಡು ಊಟಕ್ಕೆ ಹೋದೆ. ಸಂಜೆ ಸಾವಿರ ಜನ ತುಂಬಿದರು. ರೀಕಾಲ್ ಒತ್ತಿದೆ. ಹಾಡುವವಳ ಬಾಯಿ ಆಡುತ್ತಿದೆ, ಹಿಂದಿನ ಸಾಲಿನವರಿಗೆ ಹಾಡೇ ಇಲ್ಲ. ಜನರ ಮೈ, ಬಟ್ಟೆ, ಗುಜುಗುಜು ಎಲ್ಲ ಸೇರಿ ಸದ್ದನ್ನು ನುಂಗುತ್ತವೆ. ಖಾಲಿ ಹಾಲ್‌ನಲ್ಲಿ ಮಾಡಿದ ಹದ ಖಾಲಿ ಹಾಲ್‌ಗೆ ಮಾತ್ರ ಸರಿ ಎಂಬುದು ಆ ದಿನ ತಲೆಗೆ ಹೋಯಿತು.

ನೀಲಾಂಬಿಕೆ, ನನ್ನ ಒಬ್ಬಳೇ ಮಗಳು, ಬೆಳೆದದ್ದು ಆ ಮಿಕ್ಸರಿನ ಪೆಟ್ಟಿಗೆಯ ಮೇಲೆ ಕುಳಿತು. ಅವಳಿಗೆ ನಾನು ಕಲಿಸಿದ್ದು ಎರಡೇ ಎರಡು. ಮೈಕ್ ಟೆಸ್ಟ್ ಮಾಡುವಾಗ ಹಲೋ ಹಲೋ ಎನ್ನಬಾರದು, ನಿಜಕ್ಕೂ ಏನು ಹೇಳುವುದಿದೆಯೋ ಅದನ್ನೇ ಹೇಳಬೇಕು. ಇನ್ನೊಂದು, ಬೋರ್ಡಿನ ಮೇಲೆ ಕೈ ಯಾರದಿತ್ತೋ ತಪ್ಪೂ ಅವರದೇ. ಹಾಡುವವರ ಗಂಟಲು ಕಟ್ಟಿತ್ತು, ವೈರು ಹಳೆಯದು ಎಂದೆಲ್ಲ ಸಬೂಬು ಹೇಳಕೂಡದು. ಉಳಿದದ್ದನ್ನು ಅವಳು ಭೌತಶಾಸ್ತ್ರ ಓದಿ ತಾನೇ ಕಲಿತಳು. ಮೂವತ್ತಮೂರನೆಯ ವಯಸ್ಸಿಗೆ ನಾದಜಾಲ ಕೇಂದ್ರದ ಮುಖ್ಯಸ್ಥೆಯಾದಳು.

ನಾದಜಾಲ ಎಂದರೆ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಊರಿನ ಗದ್ದಲ ಮಿತಿಮೀರಿ, ಮಕ್ಕಳಿಗೆ ಓದಲಾಗದೆ, ರೋಗಿಗಳಿಗೆ ಮಲಗಲಾಗದೆ ಹೋಗಿದ್ದ ಕಾಲ. ಸದ್ದು ಒಂದು ಅಲೆ. ಅದಕ್ಕೆ ಸರಿಯಾಗಿ ಎದುರಾದ ಇನ್ನೊಂದು ಅಲೆಯನ್ನು ಕಳಿಸಿದರೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಅಳಿಸಿಹೋಗುತ್ತವೆ. ಹೆಡ್‌ಫೋನಿನಲ್ಲಿ ಹಿಂದಿನಿಂದಲೂ ಇದ್ದ ಈ ಉಪಾಯವನ್ನು ನೀಲಾಳ ತಂಡ ಬೀದಿಗೆ ತಂದಿತು. ಪ್ರತಿ ವಿದ್ಯುತ್ ಕಂಬಕ್ಕೂ ತೆಂಗಿನಕಾಯಿ ಗಾತ್ರದ ಒಂದು ಪೆಟ್ಟಿಗೆ. ಅದಕ್ಕೆ ಕಿವಿಯೂ ಇದೆ, ಬಾಯಿಯೂ ಇದೆ. ಕೇಳಿದ ಗದ್ದಲಕ್ಕೆ ಎದುರು ಸದ್ದು ಹೊರಡಿಸಿ ಒರೆಸಿಹಾಕುತ್ತದೆ. ಬಾಗಿಲು ಹಾಕಿದ ಮನೆಯೊಳಗೆ ಅದರ ಆಟ ನಡೆಯದು, ತೆರೆದ ಜಾಗದಲ್ಲೆಲ್ಲ ನಡೆಯುತ್ತದೆ.

ಅಷ್ಟೂ ಪೆಟ್ಟಿಗೆಗಳ ತಂತು ಹೋಗಿ ಸೇರುವುದು ಕೇಂದ್ರದ ಕಂಟ್ರೋಲ್ ರೂಮಿನ ಒಂದು ಮಿಕ್ಸರಿಗೆ. ತೊಂಬತ್ತಾರು ಚಾನೆಲ್. ಒಂದೊಂದು ಬೀದಿಗೆ ಒಂದೊಂದು. ನನ್ನ ಹಳೆಯ ಬೋರ್ಡಿನಲ್ಲಿ ತಬಲಾ, ಹಾರ್ಮೋನಿಯಂ ಎಂದು ಚೀಟಿ ಅಂಟಿಸಿದ ಕಡೆ ಇಲ್ಲಿ ಕೋಟೆ ಬೀದಿ, ಆಸ್ಪತ್ರೆ ರಸ್ತೆ ಎಂದು ಚೀಟಿ. ಪ್ರಿಸೆಟ್‌ಗಳ ಹೆಸರು ಬೆಳಗು, ಪರೀಕ್ಷೆ, ಸಂತೆ, ಮಧ್ಯಾಹ್ನ. ಮೊದಲ ಸಲ ಅದನ್ನು ನೋಡಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಇಡೀ ಊರನ್ನೇ ನನ್ನ ಮಗಳು ಬೋರ್ಡಿನ ಮೇಲೆ ಹರಡಿಕೊಂಡು ಕುಳಿತಿದ್ದಳು.

ಆದರೆ ಪೆಟ್ಟಿಗೆಗೆ ಯಾವುದು ಗದ್ದಲ, ಯಾವುದಲ್ಲ ಎಂದು ಹೇಳಿಕೊಡಬೇಕಲ್ಲ. ಅದಕ್ಕೆ ಪ್ರತಿ ಬೀದಿಯ ತಳದ ಸದ್ದನ್ನು, ಎಂದರೆ ಗಾಳಿ, ಮರ, ಗೋಡೆಗಳ ಮಾರ್ದನಿ ಇಷ್ಟನ್ನೇ ಅಳೆದು ಇಡಬೇಕಿತ್ತು. ಅದಕ್ಕಿಂತ ಮೇಲೆ ಬಂದದ್ದೆಲ್ಲ ಗದ್ದಲ. ಆಂಬುಲೆನ್ಸ್ ಸೈರನ್, ವಾಹನಗಳ ಹಾರ್ನು, ಶಾಲೆಯ ಗಂಟೆ ಮುಂತಾದವಕ್ಕೆ ವಿನಾಯಿತಿಯ ಪಟ್ಟಿಯೊಂದಿತ್ತು. ಒಂದು ಸಂಜೆ ಊಟಕ್ಕೆ ಕುಳಿತಾಗ ನೀಲಾ ರೊಟ್ಟಿ ಮುರಿಯುತ್ತ ಹೇಳಿದಳು, “ಒಂದು ಬೀದಿ ಖಾಲಿಯಾದ್ರೆ ಇನ್ನೊಂದು ತುಂಬಿರ್ತೈತೆ ಅಪ್ಪಾಜಿ. ತೊಂಬತ್ತಾರು ಬೀದಿನೂ ಒಟ್ಟಿಗೆ ಖಾಲಿ ಸಿಗೋದು ಯಾವಾಗ?”

ನನ್ನ ಹೆಂಡತಿ ಹಾಲಮ್ಮ ಚಟ್ನಿ ಬಡಿಸುತ್ತ, ಬರುವ ಭಾನುವಾರ ಸೂರ್ಯಗ್ರಹಣ, ಅದು ಬಿಡುವವರೆಗೆ ಒಲೆ ಹಚ್ಚುವುದಿಲ್ಲ, ಬೇಗ ತಿಂಡಿ ತಿಂದುಬಿಡಿ ಎಂದು ಯಾವುದೋ ಲಹರಿಯಲ್ಲಿ ಅಂದಳು. ನಾನು ತೊಡೆ ತಟ್ಟಿದೆ.

“ಗ್ರಹಣದ ದಿನ ಅಳೆಯವ್ವಾ! ಹಾಡುಹಗಲಲ್ಲಿ ಮೂರು ತಾಸು ಬೀದೀಲಿ ನಾಯಿನೂ ಇರಲ್ಲ.”

ನೀಲಾ ಕೈ ತೊಳೆಯದೆಯೇ ಫೋನು ಎತ್ತಿಕೊಂಡಳು. ಆ ಭಾನುವಾರ ಅಂಗಡಿ ಮುಚ್ಚಿತ್ತು, ಬಸ್ಸು ನಿಂತಿತ್ತು, ಜನರೆಲ್ಲ ಕಿಟಕಿ ಹಾಕಿಕೊಂಡು ಒಳಗಿದ್ದರು. ಊರಿನ ತಳದ ಸದ್ದು ಕನ್ನಡಿಯಷ್ಟು ಸ್ವಚ್ಛವಾಗಿ ಸಿಕ್ಕಿತು. ಅವಳು ಸ್ಟೋರ್ ಒತ್ತಿದಳು. ಉಪಾಯ ನನ್ನದು ಎಂದು ನಾನು ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕಲ್ಯಾಣ ಮಂಟಪದ ಸಂಜೆ ನನಗೆ ನೆನಪಾಗಲಿಲ್ಲ.

ಮೊದಲ ಎರಡು ತಿಂಗಳು ಊರು ಸ್ವರ್ಗವಾಗಿತ್ತು. ಆಸ್ಪತ್ರೆ ರಸ್ತೆಯಲ್ಲಿ ಬೇವಿನ ಎಲೆ ಅಲುಗುವುದು ಕೇಳಿಸಿತು. ಬಸ್‌ಸ್ಟ್ಯಾಂಡಿನ ಮುಂದೆ ಜನ ಬೈದುಕೊಳ್ಳುವುದನ್ನು ಬಿಟ್ಟರು, ಬೈಗುಳ ತಲುಪದಿದ್ದ ಮೇಲೆ ಬೈದು ಏನು ಸುಖ? ಸೊಪ್ಪು ಮಾರುವ ಹೆಂಗಸರು ಕೂಗುವುದನ್ನು ಬಿಟ್ಟು ಮನೆಯ ಕರೆಗಂಟೆ ಒತ್ತತೊಡಗಿದರು. ಕೈಯಳತೆಯಲ್ಲಿ ನಿಂತು ಆಡಿದ ಮಾತು ಸರಿಯಾಗಿಯೇ ಕೇಳುತ್ತಿತ್ತು, ಹತ್ತು ಮಾರು ಆಚೆಗೆ ದಾಟುತ್ತಿರಲಿಲ್ಲ ಅಷ್ಟೆ. ಹಾಲಮ್ಮ ಮಾತ್ರ ಗೊಣಗುತ್ತಿದ್ದಳು. “ಎದುರುಮನೆಯಾಕಿನ ಕೂಗಿ ಕರೆದ್ರೆ ತಿರುಗಿ ನೋಡಲ್ಲ. ಸೊಕ್ಕು ಬಂದೈತೇನೋ ಅಂತ ಮೂರು ದಿನ ಮಾತು ಬಿಟ್ಟಿದ್ದೆ.” ನಾವು ನಕ್ಕೆವು.

ಮಂಡಕ್ಕಿ ಭಟ್ಟಿಯವರಿಗೆ ನಗು ಬರಲಿಲ್ಲ. ನಮ್ಮೂರ ಮಂಡಕ್ಕಿ ಎಂದರೆ ಗೊತ್ತಲ್ಲ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಅಕ್ಕಿ ಸುರಿದು, ಅದು ಚಟಪಟ ಅರಳುವ ಸದ್ದಿನಲ್ಲೇ ಹದ ತಿಳಿದು ಜರಡಿಗೆ ಎತ್ತುತ್ತಾರೆ. ಕಣ್ಣಿಗೆ ಕಾಣುವವರೆಗೆ ಕಾದರೆ ಕರಕಲು. ಭಟ್ಟಿ ಬೀದಿಯ ಶೆಡ್ಡುಗಳಿಗೆ ಮುಂದಿನ ಗೋಡೆ ಇಲ್ಲ, ಕಂಬದ ಪೆಟ್ಟಿಗೆ ನೇರ ಎದುರಿಗೇ. ಖೈರುನ್ನಿಸಾ ಎಂಬಾಕೆ ಇಪ್ಪತ್ತೈದು ವರ್ಷದಿಂದ ಅಲ್ಲಿ ಹುರಿಯುವವಳು. ಅವಳು ಹುರಿದ ಮಂಡಕ್ಕಿಗೆ ಹೊರಜಿಲ್ಲೆಯಿಂದ ಹೇಳಿಕಳಿಸುತ್ತಿದ್ದರು. ಅವಳು ನನ್ನನ್ನು ತಡೆದು ಕೇಳಿದಳು.

“ಕೊಟ್ರಪ್ಪಣ್ಣಾ, ನಿನ್ನ ಮಗಳಿಗೆ ಹೇಳು. ನನ್ನ ಬಾಣಲಿ ಮೂಕಾಗೈತೆ. ಬಗ್ಗಿ ಕಿವಿ ಹತ್ರ ಒಯ್ದು ಹುರೀಬೇಕು.”

ಹೇಳಿದೆ. ನೀಲಾ ಬರೆದುಕೊಂಡಳು. ರಾಜ್ಯದ ಪರಿಶೀಲನಾ ಸಮಿತಿ ಗುರುವಾರ ಬರುವುದಿತ್ತು, ಅದು ಒಪ್ಪಿದರೆ ನಾದಜಾಲ ಎಲ್ಲ ಜಿಲ್ಲೆಗೂ ಹೋಗುವುದಿತ್ತು, ಅದಾದ ಮೇಲೆ ಭಟ್ಟಿ ಬೀದಿಯನ್ನು ನೋಡೋಣ ಎಂದಳು.

ಸೋಮವಾರ ಮಧ್ಯಾಹ್ನ, ಹಾಗೆ ಬಗ್ಗಿ ಹುರಿಯುವಾಗ ಖೈರುನ್ನಿಸಾಳ ಸೆರಗು ಸಿಕ್ಕಿ ಬಾಣಲೆ ಮಗುಚಿತು. ಕಾದ ಮರಳು ಕಾಲ ಮೇಲೆ ಸುರಿಯಿತು, ಬಾಣಲೆಯ ಅಂಚು ಪಾದವನ್ನು ಒತ್ತಿ ಹಿಡಿಯಿತು. ಗೋಡೆಯ ಆಚೆ ಬದಿಯ ಕಟ್ಟೆಯಲ್ಲಿ ಜೊತೆಯವರು ಆರು ಜನ ಚಹಾ ಕುಡಿಯುತ್ತ ಕುಳಿತಿದ್ದರು. ಅವರು ಚಹಾ ಮುಗಿಸಿ ಎದ್ದು ಬಂದಾಗಲೇ ಅವಳನ್ನು ನೋಡಿದ್ದು.

ಸುದ್ದಿ ತಿಳಿದ ಕೂಡಲೇ ನಾನೂ ನೀಲಾಳೂ ಆಸ್ಪತ್ರೆಗೆ ಹೋದೆವು. ಮೊಣಕಾಲವರೆಗೆ ಬ್ಯಾಂಡೇಜು. ಜೀವಕ್ಕೆ ಅಪಾಯವಿಲ್ಲ, ಆದರೆ ನಡಿಗೆ ಮೊದಲಿನಂತಾಗದು ಎಂದರು ಡಾಕ್ಟರು. ಖೈರುನ್ನಿಸಾಗೆ ಸಿಟ್ಟಿರಲಿಲ್ಲ. ಅವಳಿಗೆ ಇದ್ದದ್ದು ಆಶ್ಚರ್ಯ.

“ಕೂಗ್ದೆ ಕಣಮ್ಮಾ. ನನ್ನ ಗಂಟಲು ನಿಂಗೂ ಗೊತ್ತಲ್ಲ, ಈ ಬೀದೀಲಿ ಕರೆದ್ರೆ ಆ ಬೀದಿಯೋರು ಬರ್ತಿದ್ರು. ಯಾರಾದ್ರೂ ಬರ್ರೀ ಅಂತ ಕೂಗ್ದೆ. ನಂಗೆ ನನ್ನ ದನಿ ಕೇಳಿಸ್ತು. ಅವರಿಗ್ಯಾಕೆ ಕೇಳ್ಲಿಲ್ಲ?”

ನೀಲಾ ಅಲ್ಲಿಂದ ನೇರವಾಗಿ ಕಂಟ್ರೋಲ್ ರೂಮಿಗೆ ಹೋದಳು, ನಾನೂ ಹಿಂದೆ ಹೋದೆ. ನಲವತ್ತೊಂದನೆಯ ಚಾನೆಲ್, ಭಟ್ಟಿ ಬೀದಿ. ಪೆಟ್ಟಿಗೆಗಳು ಕೇಳಿದ್ದನ್ನೂ ಹೇಳಿದ್ದನ್ನೂ ಕೆಲವು ದಿನ ದಾಖಲೆ ಇಡುತ್ತವೆ. ಅವಳು ಸೋಮವಾರದ ದಾಖಲೆ ತೆರೆದಳು. ಪರದೆಯ ಮೇಲೆ ಒಂದು ಹಸಿರು ಗೆರೆ ಎತ್ತರಕ್ಕೆ ಎದ್ದಿತ್ತು. ಅದರ ಕೆಳಗೆ ಅದೇ ಅಳತೆಯ ಕೆಂಪು ಗೆರೆ, ನೀರಲ್ಲಿ ಬಿದ್ದ ನೆರಳಿನ ಹಾಗೆ. ಪೆಟ್ಟಿಗೆ ಆ ಕೂಗನ್ನು ಕೇಳಿತ್ತು. ಕೇಳಿ, ಅಳೆದು, ಅಷ್ಟೇ ಗಟ್ಟಿಯ ಎದುರು ದನಿಯಿಂದ ಒರೆಸಿತ್ತು. ನೀಲಾ ಬೆರಳಿಟ್ಟು ಎಣಿಸಿದಳು. ಒಂಬತ್ತು ಸಲ.

“ಯಂತ್ರ ಕೆಟ್ಟಿಲ್ಲ ಅಪ್ಪಾಜಿ” ಎಂದಳು ಮೆಲ್ಲಗೆ. “ನಾವು ಹೇಳಿದ್ದನ್ನೇ ಮಾಡೈತೆ. ಗ್ರಹಣದ ದಿನ ಊರಲ್ಲಿ ಯಾರೂ ಮಾತಾಡಿರ್ಲಿಲ್ಲ. ಅದಕ್ಕೇ ಮನುಷ್ಯರ ದನಿನೂ ಅದಕ್ಕೆ ಗದ್ದಲಾನೇ.”

ಖಾಲಿ ಹಾಲ್. ಮೂವತ್ತೆಂಟು ವರ್ಷದ ಅನುಭವದವನು, ಒಮ್ಮೆ ಪೆಟ್ಟು ತಿಂದವನು, ನಾನೇ ಮಗಳನ್ನು ಖಾಲಿ ಹಾಲ್‌ಗೆ ಕಳಿಸಿದ್ದೆ. ನಾಚಿಕೆಯಾಯಿತು. ಆದರೆ ನನ್ನ ಬಾಯಿಂದ ಹೊರಟದ್ದು ಬೇರೆಯೇ ಮಾತು.

“ನೀಲಾ, ಆಸ್ಪತ್ರೆ ವರದೀಲಿ ಬಾಣಲಿ ಮಗುಚಿದ ಅಪಘಾತ ಅಂತಾನೇ ಐತೆ. ಗುರುವಾರ ಒಂದು ಕಳೀಲಿ. ಆರು ವರ್ಷದ ಕೆಲಸ. ಆಮೇಲೆ ಸದ್ದಿಲ್ದೆ ಸರಿ ಮಾಡ್ಕೊಂಡ್ರಾಯ್ತು. ಗ್ರಹಣದ ಉಪಾಯ ನಂದು, ನಿಂದೇನು ತಪ್ಪು?”

ಅವಳು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು.

“ಬೋರ್ಡ್ ಮೇಲೆ ಕೈ ಯಾರ್ದಿತ್ತು ಅಪ್ಪಾಜಿ?”

ನಲವತ್ತೊಂದನೆಯ ಚಾನೆಲ್ಲನ್ನು ಅವಳು ಆಗಲೇ ಬಂದ್ ಮಾಡಿದಳು, ಉಳಿದ ಬೀದಿಗಳಲ್ಲಿ ಸದ್ದು ಅಡಗಿಸುವ ಬಲವನ್ನು ಅರ್ಧಕ್ಕಿಳಿಸಿದಳು. ಆಮೇಲೆ ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದಳು. ಹಾಲಮ್ಮ ಬೈಯಲಿಲ್ಲ. ಎರಡು ಡಬ್ಬಿಗಳಿಗೆ ಊಟ ಕಟ್ಟಿದಳು, ಒಂದು ಆಸ್ಪತ್ರೆಗೆ, ಇನ್ನೊಂದು ಕಂಟ್ರೋಲ್ ರೂಮಿಗೆ.

ಗುರುವಾರ ಸಮಿತಿ ಬಂತು. ಅಧ್ಯಕ್ಷರು ವೆಂಕೋಬರಾಯರು, ದೊಡ್ಡ ವಿಜ್ಞಾನಿ, ಗಟ್ಟಿ ಆಸಾಮಿ. ಆಸ್ಪತ್ರೆ ರಸ್ತೆಯನ್ನು ತೋರಿಸಿದ್ದರೆ ಅಲ್ಲೇ ಸಹಿ ಹಾಕಿ ಹೋಗುತ್ತಿದ್ದರು. ನೀಲಾ ಅವರನ್ನು ಭಟ್ಟಿ ಬೀದಿಗೆ ಕರೆತಂದಳು. ಬರುವ ಮೊದಲು ಕಂಟ್ರೋಲ್ ರೂಮಿಗೆ ಹೇಳಿ ಹಳೆಯ ‘ಮಧ್ಯಾಹ್ನ’ ಪ್ರಿಸೆಟ್ಟನ್ನು ಆ ಒಂದು ಬೀದಿಗೆ ರೀಕಾಲ್ ಮಾಡಿಸಿದ್ದಳು. ಹತ್ತು ಭಟ್ಟಿ ಉರಿಯುತ್ತಿದ್ದವು, ಗೂಡ್ಸ್ ಆಟೋಗಳು ಓಡಾಡುತ್ತಿದ್ದವು, ಬೀದಿ ಮಾತ್ರ ಗಪ್‌ಚಿಪ್. ಅಧ್ಯಕ್ಷರ ಮುಖ ಅರಳಿತು. ನಾನು ಜನರ ನಡುವೆ ನಿಂತಿದ್ದೆ.

“ಸರ್, ಒಂದು ಸಣ್ಣ ಪರೀಕ್ಷೆ” ಎಂದಳು ನೀಲಾ. “ನಿಮ್ಮ ಡ್ರೈವರನ್ನ ಕರೀರಿ.”

ಡ್ರೈವರ್ ತಿಪ್ಪೇಸ್ವಾಮಿ ಹದಿನೈದು ಮಾರು ದೂರದಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕಾರಿನ ಗಾಜು ಒರೆಸುತ್ತಿದ್ದ. ಅಧ್ಯಕ್ಷರು ಕರೆದರು. ಅವನು ಒರೆಸುತ್ತಲೇ ಇದ್ದ. ಕುತ್ತಿಗೆಯ ನರ ಉಬ್ಬಿಸಿ ಇನ್ನೊಮ್ಮೆ ಕರೆದರು. ಅವನು ಬಟ್ಟೆ ಹಿಂಡಿ ಇನ್ನೊಂದು ಗಾಜಿಗೆ ಹೋದ. ದೊಡ್ಡ ಮನುಷ್ಯರಿಗೆ ಕರೆದರೆ ಜನ ಬಾರದಿರುವ ಅಭ್ಯಾಸವಿರುವುದಿಲ್ಲ. ಮುಖ ಕೆಂಪಗಾಯಿತು. ಮೂರನೆಯ ಸಲ ಬಾಯಿ ತೆರೆದಾಗ ನೀಲಾ ಫೋನಿನಲ್ಲಿ “ಪ್ರಿಸೆಟ್ ತೆಗೀರಿ” ಎಂದಳು.

“ತಿಪ್ಪೇಸ್ವಾಮೀ!”

ಬೀದಿ ಬೆಚ್ಚಿಬಿತ್ತು. ತಗಡಿನ ಮೇಲಿಂದ ಪಾರಿವಾಳ ಹಾರಿದವು, ಭಟ್ಟಿಯವರೆಲ್ಲ ಹೊರಗೆ ಬಂದರು, ತಿಪ್ಪೇಸ್ವಾಮಿ ಬಟ್ಟೆ ಬಿಸಾಕಿ ಓಡಿಬಂದು “ಸಾರ್, ಏನಾಯ್ತು ಸಾರ್?” ಎಂದು ನಿಂತ.

“ಏನ್ರೀ ಇದು?” ಎಂದರು ಅಧ್ಯಕ್ಷರು ನೀಲಾಳಿಗೆ.

“ನೀವು ಎರಡು ಸಲ ಕರೆದ್ರಿ ಸರ್. ಸೋಮವಾರ ಇದೇ ಜಾಗದಲ್ಲಿ ಕಾಲು ಸುಡ್ತಿದ್ದ ಹೆಣ್ಮಗಳೊಬ್ಬಳು ಒಂಬತ್ತು ಸಲ ಕೂಗಿದಾಳೆ. ನನ್ನ ಪೆಟ್ಟಿಗೆ ಒಂಬತ್ತು ಸಲಾನೂ ಅಳಿಸಿಹಾಕ್ತು. ವರದೀಲಿ ಅದು ಅಪಘಾತ ಅಂತ ಬರೆದಿದೆ. ಅಪಘಾತ ಅಲ್ಲ. ಜನ ಮನೆಯೊಳಗಿದ್ದ ದಿನ ನೋಡಿ ನಾನು ಊರನ್ನ ಅಳೆದೆ. ಹಿಂಗಿರೋ ನಾದಜಾಲನ ಬೇರೆ ಜಿಲ್ಲೆಗೆ ಒಯ್ಯಬೇಡಿ ಅಂತ ನಾನೇ ಕೇಳ್ಕೊಳ್ತಿದೀನಿ.”

ಸಮಿತಿಯ ಇನ್ನೊಬ್ಬರು ಕಾಗದದಿಂದ ತಲೆಯೆತ್ತಿ ಕೇಳಿದರು, “ಗ್ರಹಣದ ದಿನ ಅಳೆಯೋಕೆ ನಿಮಗೆ ಹೇಳಿದ್ದು ಯಾರು?”

ನಾನು ಜನರನ್ನು ಸರಿಸಿ ಮುಂದೆ ಬಂದು ಕೈ ಎತ್ತಿದೆ. ನೀಲಾ ನನ್ನ ಕಡೆ ತಿರುಗಲೇ ಇಲ್ಲ.

“ಸ್ಟೋರ್ ಒತ್ತಿದ್ದು ನಾನು ಸರ್” ಎಂದಳು.

ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಅದರಿಂದಲೇ ಕಣ್ಣೊರೆಸಿಕೊಂಡೆ. ನಾನು ಕಲಿಸಿದ ಪಾಠವನ್ನು ನಾನೇ ಮರೆತಿದ್ದೆ, ಅವಳು ಮರೆತಿರಲಿಲ್ಲ. ಅಂಥ ಮಗಳ ಅಪ್ಪ ನಾನು ಎಂದು ಆ ಬೀದಿಯಲ್ಲಿ ಕೂಗಿ ಹೇಳಬೇಕೆನಿಸಿತು. ಪೆಟ್ಟಿಗೆ ಬಂದ್ ಆಗಿತ್ತು, ಕೂಗಿದ್ದರೆ ಕೇಳಿಸುತ್ತಲೂ ಇತ್ತು.

ಮೆಚ್ಚಿ ಹಾರ ಹಾಕಿದರು ಎಂದುಕೊಳ್ಳಬೇಡಿ. ಊರಿನ ಪೆಟ್ಟಿಗೆಗಳೆಲ್ಲ ಆ ದಿನವೇ ಬಾಯಿ ಮುಚ್ಚಿದವು. ನೀಲಾಳ ಬಾಗಿಲಿನಿಂದ ಮುಖ್ಯಸ್ಥೆ ಎಂಬ ಫಲಕ ಇಳಿಯಿತು. ಗದ್ದಲ ಹಿಂದಿರುಗಿದಾಗ ಓದುವ ಮಕ್ಕಳ ಅಪ್ಪಂದಿರು ಅವಳನ್ನೇ ಬೈದರು. ನಾಲ್ಕು ತಿಂಗಳಲ್ಲಿ ಸರಿಮಾಡಿ ತೋರಿಸು, ಆಗದಿದ್ದರೆ ಯೋಜನೆಯೇ ಇಲ್ಲ ಎಂದಿತ್ತು ಸಮಿತಿ. ಅವಳು ತುಟಿ ಕಚ್ಚಿಕೊಂಡು ಕೆಲಸಕ್ಕೆ ಕುಳಿತಳು. ವಾರಕ್ಕೆರಡು ದಿನ ಖೈರುನ್ನಿಸಾಳ ಮನೆಗೆ ಹೋಗಿ, ಅವಳ ಎದುರಿಗೇ ನೆಲದ ಮೇಲೆ ಕುಳಿತು, ಬಾಣಲೆಯ ಯಾವ ಸದ್ದಿಗೆ ಏನು ಅರ್ಥ ಎಂದು ಕೇಳಿ ಬರೆದುಕೊಂಡಳು. ಕೊನೆಗೆ ಒಂದು ಬುಧವಾರಕ್ಕೆ ಇಡೀ ಊರಿಗೇ ಸೌಂಡ್ ಚೆಕ್ ಎಂದು ಸಾರಿಸಿದಳು.

ಈ ಸಲ ತುಂಬಿದ ಹಾಲ್. ಯಾರೂ ಮನೆಯೊಳಗಿರಬೇಡಿ, ಎಲ್ಲರೂ ಬೀದಿಗೆ ಬಂದು ನಿಮ್ಮ ನಿಮ್ಮ ಕೆಲಸ ಮಾಡಿ, ನಿಮ್ಮ ನಿಮ್ಮ ಮಾತು ಆಡಿ ಎಂದು ಕರೆ. ತೊಂಬತ್ತಾರು ಬೀದಿಗಳಿಗೂ ಒಬ್ಬೊಬ್ಬರು ಮೇಲ್ವಿಚಾರಕರು, ಹಳೆಯ ಮೈಕ್ ಸೆಟ್ಟಿನವರನ್ನೆಲ್ಲ ಹುಡುಕಿ ನಾನೇ ಗೊತ್ತುಮಾಡಿದ್ದೆ. ನನ್ನ ಪಾಲಿಗೆ ಭಟ್ಟಿ ಬೀದಿ. ಬೆಳಿಗ್ಗೆ ಒಂಬತ್ತಕ್ಕೆ ಜನ ಕಂಬದ ಕೆಳಗೆ ನಿಂತು ನಾಚಿಕೊಂಡು ಹಲೋ ಹಲೋ ಅನ್ನತೊಡಗಿದರು. ನಾನು ಗದರಿದೆ. “ಹಲೋ ಅಂತ ದಿನಾ ಯಾರಿಗ್ರೀ ಅಂತೀರಿ? ನಿಮ್ಮ ಮಾತು ಆಡ್ರಿ!” ಸೊಪ್ಪಿನವಳು ಮೆಂತ್ಯೆ ಎಂದು ಕೂಗಿದಳು. ಹಾಲಮ್ಮ ನಮ್ಮ ಓಣಿಯಲ್ಲಿ ಎದುರುಮನೆಯವಳನ್ನು ಹೆಸರು ಹಿಡಿದು ಕರೆದಳಂತೆ. ಆಕೆ ಓ ಎಂದಾಗ, ಮೂರು ದಿನ ಮಾತು ಬಿಟ್ಟದ್ದಕ್ಕೆ ಅಲ್ಲಿಯೇ ಕ್ಷಮೆಯನ್ನೂ ಕೇಳಿದಳಂತೆ. ಕಂಟ್ರೋಲ್ ರೂಮಿನಲ್ಲಿ ನೀಲಾ ಒಂದೊಂದೇ ಚಾನೆಲ್ ಕಿವಿಗೊಟ್ಟು ಕೇಳಿ, ಪೆಟ್ಟಿಗೆಗಳಿಗೆ ಮನುಷ್ಯರ ದನಿಯ ಗುರುತು ಹೇಳಿಕೊಟ್ಟಳು.

ಹನ್ನೆರಡಕ್ಕೆ ಪೆಟ್ಟಿಗೆಗಳೆಲ್ಲ ಮತ್ತೆ ಚಾಲೂ ಆದವು. ಆಟೋಗಳ ಗುರುಗುಡುವಿಕೆ ಇಳಿಯಿತು. ಭಟ್ಟಿಗಳ ಚಟಪಟ ಮಾತ್ರ ಉಳಿಯಿತು, ಒಂದೊಂದು ಬಾಣಲೆಯದೂ ಬೇರೆ ಬೇರೆಯಾಗಿ. ಇನ್ನು ಕೊನೆಯ ಪರೀಕ್ಷೆ. ಅದನ್ನು ತಾನೇ ಮಾಡುತ್ತೇನೆಂದು ಖೈರುನ್ನಿಸಾ ಹಠ ಹಿಡಿದಿದ್ದಳು. ಕೋಲೂರಿಕೊಂಡು ಬಂದು, ಅದೇ ಶೆಡ್ಡಿನಲ್ಲಿ, ಅದೇ ಬಾಣಲೆಯ ಪಕ್ಕ ನಿಂತಳು. ಗೋಡೆಯಾಚೆ ಜೊತೆಯವರು ಚಹಾ ಹಿಡಿದು ಕುಳಿತಿದ್ದರು. ನಾನು ಬೀದಿಯ ತುದಿಯಲ್ಲಿ ಫೋನು ಹಿಡಿದು ನಿಂತೆ. ಇದು ಪರೀಕ್ಷೆ, ಏನೂ ಆಗಿಲ್ಲ ಎಂದು ಎಲ್ಲರಿಗೂ ಮೂರು ಮೂರು ಸಲ ಹೇಳಿಯಾಗಿತ್ತು.

“ಯಾರಾದ್ರೂ ಬರ್ರೀ!”

ಆ ದನಿ ಶೆಡ್ಡು ದಾಟಿ, ಗೋಡೆ ದಾಟಿ, ಬೀದಿಯ ತುದಿಯವರೆಗೂ ಬಂತು. ಚಹಾದ ಲೋಟಗಳು ನೆಲಕ್ಕೆ ಬಿದ್ದವು. ಆರು ಜನ ಓಡಿದರು. ಎದುರಿನ ಭಟ್ಟಿಯವರು ಜರಡಿ ಬಿಟ್ಟು ಓಡಿದರು, ಸೊಪ್ಪಿನವಳು ಬುಟ್ಟಿ ಇಳಿಸಿ ಓಡಿದಳು, ಆಟೋದವರು ಹಾರಿ ಇಳಿದರು. ಮೊಣಕಾಲು ನೋವಿನ ನಾನೂ ಓಡಿದೆ. ಓಡುತ್ತಿದ್ದೇನೆ ಎಂದು ತಿಳಿದದ್ದೇ ಅವಳ ಮುಂದೆ ಹೋಗಿ ಏದುಸಿರು ಬಿಟ್ಟಾಗ.

ನಲವತ್ತು ಜನ ಸುತ್ತ ನಿಂತದ್ದನ್ನು ಕಂಡು ಖೈರುನ್ನಿಸಾ ಬಾಯಿಗೆ ಸೆರಗು ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ.

“ಬರೇ ಚೆಕ್ಕಿಂಗ್ ಕಣ್ರೋ! ಹೇಳಿದ್ರಲ್ಲ!”

“ಗೊತ್ತೈತಿ ಅಕ್ಕಾ” ಎಂದ ಚಹಾ ಚೆಲ್ಲಿಕೊಂಡವನೊಬ್ಬ. “ಆದ್ರೂ ಕೇಳಿಸ್ತಲ್ಲ.”

ನನ್ನ ಕೈಯಲ್ಲಿದ್ದ ಫೋನು ಮಾತಾಡುತ್ತಿತ್ತು. ಕಿವಿಗಿಟ್ಟುಕೊಂಡೆ. ನಲವತ್ತೊಂದರಲ್ಲಿ ಹಸಿರು ಗೆರೆ ಒಂದೇ ಎದ್ದಿದೆ, ಕೆಳಗೆ ಕೆಂಪು ಗೆರೆ ಇಲ್ಲ ಎಂದು ನೀಲಾ ಹೇಳುತ್ತಿದ್ದಳು. ಮಿಕ್ಸರಿನ ಪೆಟ್ಟಿಗೆಯ ಮೇಲೆ ಕುಳಿತು ಕಾಲಾಡಿಸುತ್ತಿದ್ದ ಕಾಲದಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದಳು.

“ಅಪ್ಪಾಜಿ, ಸ್ಟೋರ್ ಮಾಡ್ಲಾ?”

ನಾನು ಸುತ್ತ ನಿಂತ ನಲವತ್ತು ಮುಖಗಳನ್ನೂ ಒಮ್ಮೆ ನೋಡಿದೆ.

“ಹಾಲ್ ತುಂಬೈತೆ” ಎಂದೆ. “ಮಾಡವ್ವ.”